ಸಾಲಿನಲ್ಲಿದ್ದ ಕೊಡ

ಉಡಚಮ್ಮ ಅಂಗಳಕ್ಕೆ ಸಗಣಿನೀರು ಚಿಮುಕಿಸಿ ಇನ್ನೇನು ರಂಗೋಲಿ ಪುಡಿ ಹಿಡಿಯಬೇಕು, ಅಷ್ಟರಲ್ಲಿ ಪಕ್ಕದ ಮನೆಯ ಮೆಹರಾಜ್ ಬೇಗಂ ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಬಂದು ನಿಂತಳು.

“ನೋಡ್ರಿ ಉಡಚಮ್ಮ, ನಸುಕಿಗೇ ನಲ್ಲಿ ಸಾಲಿನಾಗೆ ಕೊಡ ಮುಂದಿಟ್ಟು ಹೋಗಿದ್ದೆ. ಅತ್ತೇನ ಮಗ್ಗುಲು ಹೊರಳಿಸಿ ಬರೋದ್ರಾಗೆ ಯಾರೋ ನನ್ನ ಕೊಡ ಕೊನೆಗೆ ಸರಿಸ್ಯಾರೆ. ಕರೆಂಟ್ ಹೋತು, ನಲ್ಲೀನೂ ನಿಂತೋತು.”

ಎಂಬತ್ತಮೂರನೇ ಇಸವಿ. ಜಗಳೂರಿನ ಆ ಓಣಿಗೆ ಇದ್ದುದು ಒಂದೇ ನಲ್ಲಿ. ಹೆಂಗಸರಿಗಿಂತ ಮೊದಲು ಅವರ ಕೊಡಗಳು ಸಾಲು ನಿಲ್ಲುತ್ತಿದ್ದವು. ಒಡತಿ ಇಲ್ಲದ ಕೊಡವನ್ನು ಹಿಂದಿನವರು ಮುಂದಕ್ಕೆ ಸರಿಸಬೇಕು, ಅದು ಅಲ್ಲಿಯ ರೂಢಿ. ಹೊನ್ನಾಳಿಯಿಂದ ಬಂದ ಹೊಸದರಲ್ಲಿ ಉಡಚಮ್ಮ ಜ್ವರ ಬಂದು ಮಲಗಿದ್ದಾಗ ಅವಳ ಕೊಡ ತುಂಬಿಸಿ ಬಾಗಿಲಿಗೆ ತಂದಿಟ್ಟವಳು ಇದೇ ಮೆಹರಾಜ್. ಆಗಲೂ ಉಡಚಮ್ಮ, “ಏನೋ ಬೇಕಾಗಿರ್ತೈತೆ, ಅದಕ್ಕೇ ಇಷ್ಟು ಉಪಚಾರ” ಎಂದು ಗಂಡನಿಗೆ ಹೇಳಿದ್ದಳು. ಮಗಳು ಕೊಟ್ರಮ್ಮ ಪಕ್ಕದಲ್ಲೇ ಉಣ್ಣುತ್ತ ಕೂತಿದ್ದಳು.

“ಹಿಂದಿದ್ದವಳು ನಿಮ್ಮ ಕೊಟ್ರಿ ಅಂದ್ರು. ಅವಳು ಹಂಗೆ ಮಾಡಾಕಿಲ್ಲ ಬಿಡ್ರಿ, ನಮ್ಮ ಜಹಾನಾರಾ ಜೊತೆ ಓದೋ ಹುಡುಗಿ. ಒಂದು ಕೊಡ ನೀರಿದ್ರೆ ಕೊಡ್ರಿ. ಮುದುಕಿ ಹಸಿ ಹಾಸಿಗೆ ಮ್ಯಾಲೆ ಮಲಗೈತೆ.”

ಒಳಗೆ ದಿನಕ್ಕಿಂತ ಒಂದು ಕೊಡ ಹೆಚ್ಚೇ ತುಂಬಿತ್ತು. ಎದ್ದಾಗಲೇ ಅದನ್ನು ಕಂಡು ಉಡಚಮ್ಮ ಹಿಗ್ಗಿದ್ದಳು. ಈಗ ಕೊಟ್ಟರೆ, ಎಲ್ಲಿಂದ ಬಂತು ಎಂದು ಓಣಿಯೇ ಕೇಳುತ್ತದೆ. ಅವಳು ಬಾಗಿಲಿಗೆ ಅಡ್ಡ ನಿಂತಳು.

“ನಮಗೂ ಸಾಲದು ಬೂಬಮ್ಮ. ಈ ಜನ ನಿಮಗೆ ಗೊತ್ತಿಲ್ವಾ? ತಮ್ಮದು ತುಂಬಿದ್ರೆ ಮುಗೀತು.”

ಇಷ್ಟು ವರ್ಷ ಇಂಥ ಮಾತಿಗೆ ನಕ್ಕು ಸುಮ್ಮನಾಗುತ್ತಿದ್ದ ಮೆಹರಾಜ್ ಇವತ್ತು, “ಅದೂ ಖರೇ ಐತೆ” ಎಂದು ಖಾಲಿ ಕೊಡ ಹೊತ್ತು ಹೋದಳು.

ಕೊಟ್ರಿ ಅರ್ಧ ಹೆಣೆದ ಜಡೆಯಲ್ಲಿ ಹೊರಗೆ ಬಂದಳು. ಹೋದ ವಾರ ಒಂಬತ್ತನೇ ಕ್ಲಾಸಿನಲ್ಲಿ ತಿಪ್ಪೇರುದ್ರಸ್ವಾಮಿ ಮೇಷ್ಟ್ರು, ಬಾಳಿನಲ್ಲಿ ಯಾವುದು ದೊಡ್ಡದು ಎಂದು ಕೇಳಿದ್ದರು. ಇನ್ನೊಬ್ಬರ ಕಷ್ಟಕ್ಕೆ ಆಗುವುದು ಎಂದಿದ್ದಳು ಜಹಾನಾರಾ. ಯಾರನ್ನೂ ನಂಬದೆ ಹುಷಾರಾಗಿರುವುದು ಎಂದಿದ್ದಳು ಕೊಟ್ರಿ. ಮನೆಗೆ ಬಂದು ಹೇಳಿದಾಗ ಉಡಚಮ್ಮ ಮಗಳ ಕೆನ್ನೆ ಸವರಿ ಲಟಿಕೆ ಮುರಿದಿದ್ದಳು.

“ನಾನೇ ಸರಿಸಿದ್ದು” ಎಂದಳು ಕೊಟ್ರಿ. “ಇಲ್ದಿದ್ರೆ ಅವರು ನಮ್ಮದು ಸರಿಸ್ತಿದ್ರು.”

“ಅವರು ಯಾವತ್ತು ಸರಿಸ್ಯಾರೆ?” ಮಾತು ಉಡಚಮ್ಮನ ಬಾಯಿಂದ ತಾನಾಗಿ ಜಾರಿತು.

ಕೊಟ್ರಿ ಒಳಗಿನ ತುಂಬಿದ ಕೊಡ ನೋಡಿದಳು, ಆಮೇಲೆ ತಾಯಿಯ ಮುಖ ನೋಡಿದಳು.

“ಅವ್ವಾ, ದಿನಾ ಜನ ಹಂಗೆ, ಜನ ಹಿಂಗೆ ಅಂತೀಯಲ್ಲ, ಆ ಜನ ಅಂದ್ರೆ ನಾವೇನಾ?”