ತಾರಸಿಯ ಮೇಲಿನ ಫೋನು

ತೀರಿಹೋದ ನಮ್ಮ ಯಜಮಾನರನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಮುಂದೆ ಭಜನೆ ಶುರು ಮಾಡಿದ್ದರು. ಸಂಜೆಯಾಗಿತ್ತು. ಗೂಟಕ್ಕೆ ನೇತುಹಾಕಿದ್ದ ಅವರ ಅಂಗಿಯ ಜೇಬಿನಲ್ಲಿ ಮೊಬೈಲು ಬಡಿದುಕೊಳ್ಳತೊಡಗಿತು. ಎಲ್ಲರೂ ತಿರುಗಿ ನೋಡಿದರು. ಮೈದುನ ವೀರೇಶ್ ಅದನ್ನು ಹೊರತೆಗೆದು ಕೆಂಪು ಗುಂಡಿಯನ್ನು ಒತ್ತಿಯೇ ಹಿಡಿದ. ಫೋನಿನ ದೀಪ ಆರಿತು. ಮರ್ಯಾದೆಗೆಂದೇ ಮಾಡಿದ, ಪುಣ್ಯಾತ್ಮ.

ಅದು ನಮ್ಮ ಮಗಳು ನಯನಾಳ ಕರೆ. ಅವಳು ಮಾಡುವ ಹೊತ್ತೇ ಅದು. ಬೇರೆ ಜಾತಿಯ ಶ್ರೀನಿವಾಸನನ್ನು ಮದುವೆಯಾಗಿ ಊರು ಬಿಟ್ಟ ಮಗಳ ಹೆಸರನ್ನು ನಿಟ್ಟುವಳ್ಳಿಯ ನಮ್ಮ ಮನೆಯಲ್ಲಿ ಎತ್ತುವಂತಿರಲಿಲ್ಲ. ಹಾಗೆ ಅಪ್ಪಣೆ ಕೊಟ್ಟವರು ಇವರೇ. ಮನೆಯ ಫೋನಿನಲ್ಲಿ ಅವಳ ದನಿ ಕೇಳಿದರೆ ಮಗ ಬಸವಕಿರಣ್ ಕುಕ್ಕಿಬಿಡುತ್ತಿದ್ದ. ಆಮೇಲೆ ಇವರು ದಲಾಲಿ ಮಂಡಿಗೆ ಬೇಕೆಂದು ಮೊಬೈಲು ತಂದರು. ಸಂಜೆಯಾದರೆ ಕೆಳಗೆ ಸಿಗ್ನಲ್ ಸಿಗುವುದಿಲ್ಲ ಎಂದು ತಾರಸಿ ಹತ್ತುತ್ತಿದ್ದರು. ಸಿಗ್ನಲ್ಲಂತೆ ಸಿಗ್ನಲ್ಲು! ಅವಳಿಗೆ ನಂಬರು ಹೇಗೆ ಮುಟ್ಟಿಸಿದ್ದರೋ, ಇಳಿದು ಬರುವಾಗ ಮುಖ ನೋಡಿದರೆ ಸಾಕಿತ್ತು, ಮಗಳ ಹತ್ತಿರ ಮಾತಾಡಿ ಬಂದದ್ದು ತಿಳಿಯುತ್ತಿತ್ತು. ನಾನು ಏನೂ ಗೊತ್ತಿಲ್ಲದವಳ ಹಾಗೆ ರೊಟ್ಟಿ ಬಡಿಯುತ್ತಿದ್ದೆ.

ಅವಳ ವಿಳಾಸವಾಗಲಿ, ನಂಬರಾಗಲಿ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾವುದೋ ಊರಿನ ಎಸ್‌ಟಿಡಿ ಬೂತಿನಿಂದ ಅವಳೇ ಮಾಡಬೇಕು. ಅಪ್ಪ ಹೋದದ್ದು ಅವಳಿಗೆ ತಿಳಿಯಬೇಕಾದರೆ ಆ ಫೋನು ಬದುಕಿರಬೇಕು, ಅಷ್ಟೇ.

ಕುಕ್ಕುವಾಡದ ಹೊಲದಲ್ಲಿ ಮಣ್ಣು ಮಾಡಿ ಬಂದ ಮೇಲೆ ಬಸವಕಿರಣ್ ಫೋನನ್ನು ಆನ್ ಮಾಡಿದ. ಅದು ನಾಲ್ಕು ಅಂಕಿಯ ಪಿನ್ ಕೇಳಿತು. ಅವನಿಗೆ ಬೇಕಾದದ್ದು ಒಳಗಿದ್ದ ವ್ಯಾಪಾರಸ್ಥರ ನಂಬರುಗಳು. ಲಾರಿಯ ನಂಬರು ಒತ್ತಿದ, ತಪ್ಪು. ಮಂಡಿ ಫೋನಿನ ಕೊನೆಯ ಅಂಕಿಗಳು, ಅದೂ ತಪ್ಪು. ಮೂರನೆಯದು ಅವನದೇ ಹುಟ್ಟಿದ ದಿನ. ಅಪ್ಪನ ತಲೆಯಲ್ಲಿ ತಾನೊಬ್ಬನೇ ಇದ್ದೇನೆಂಬ ಧಿಮಾಕು. ಫೋನು ಪೂರ್ತಿ ಬೀಗ ಹಾಕಿಕೊಂಡು, ಪಿಯುಕೆ ಎಂಬ ಇನ್ನೊಂದು ಸಂಖ್ಯೆ ಕೇಳಿತು. ಅಪ್ಪಾಜಿ ಏನೋ ಮುಚ್ಚಿಟ್ಟಿದ್ದಾರೆ ಎಂದು ಅವನು ಮುಖ ಊದಿಸಿಕೊಂಡು ಹೋದ.

ನನಗೆ ಅಳು ಬರಲಿಲ್ಲ. ಬಂದವರೆಲ್ಲ ಅತ್ತುಬಿಡು, ಅತ್ತುಬಿಡು ಎಂದು ತಲೆ ತಿಂದರು. ಅಳು ಏನು ನಲ್ಲಿ ನೀರೇ, ತಿರುಗಿಸಿದರೆ ಬರಲಿಕ್ಕೆ? ಸೂಜಿ ಚುಚ್ಚಿದರೂ ತಿಳಿಯದಂತೆ ಮೈ ಮರಗಟ್ಟಿತ್ತು. ಉಣ್ಣು ಎಂದರೆ ಉಣ್ಣುತ್ತಿದ್ದೆ, ಮಲಗು ಎಂದರೆ ಮಲಗುತ್ತಿದ್ದೆ. ಫೋನು ಬಂದ್ ಆಗಿದೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಮರಣ ಪ್ರಮಾಣಪತ್ರ ಕೈಗೆ ಬಂದ ದಿನ ಯಾರಿಗೂ ಹೇಳದೆ ಹರಿಹರದ ಬಸ್ಸು ಹತ್ತಿದೆ. ಇವರು ಮೊಬೈಲು ಕೊಂಡದ್ದು ಅಲ್ಲಿ ಜಾಫರ್ ಎಂಬವನ ಅಂಗಡಿಯಲ್ಲಿ. ಅವನು ಪತ್ರ ನೋಡಿ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದ. ಆಮೇಲೆ ಕಂಪನಿಗೆ ಫೋನು ಹಚ್ಚಿ ಪಿಯುಕೆ ಕೇಳಿ ಪಡೆದ. ಇದನ್ನೂ ಮೇಲಿಂದ ಮೇಲೆ ತಪ್ಪು ಒತ್ತಿದರೆ ಸಿಮ್ ಕಾರ್ಡು ಕಸಕ್ಕೆ ಎಂದು ಹೇಳುತ್ತ ಒಂದೊಂದೇ ಗುಂಡಿ ಒತ್ತಿದ. ಫೋನು ಒಪ್ಪಿಕೊಂಡಿತು. ಈಗ ಹೊಸ ಪಿನ್ ಕೊಡಬೇಕಂತೆ. ಹಳೆಯದು ಏನಿತ್ತೋ ಎಂದೆ.

"ಒಂದು, ಎರಡು, ಮೂರು, ನಾಲ್ಕು, ಅಮ್ಮಾರೆ," ಎಂದ ಜಾಫರ್. "ಕಂಪನಿಯೋರು ಕೊಟ್ಟಿದ್ದು. ಬದಲಿ ಮಾಡ್ಕಳ್ರಿ ಅಂದ್ರೆ ನಿಮ್ಮ ಯಜಮಾನ್ರು ಉಜ್ಜನಪ್ಪನೋರು, ನಾನೇನು ಕಳ್ಳನೇನಪ್ಪ ಅಂದ್ರು."

ನಗು ಬರಬೇಕಿತ್ತು, ಬರಲಿಲ್ಲ. ಅದೇ ಇರಲಿ ಎಂದೆ.

ಮನೆಗೆ ಬಂದಾಗ ಬಸವಕಿರಣ್ ಫೋನಿಗೆ ಕೈ ಚಾಚಿದ. ನಿನಗೆ ಬೇಕಾದ ನಂಬರು ಬರೆದುಕೋ, ಫೋನು ಮಾತ್ರ ನನ್ನ ಹತ್ತಿರವೇ ಇರುತ್ತದೆ ಎಂದೆ. ಅವನು ಪೆನ್ನು ಹುಡುಕಿ ಬರೆದುಕೊಳ್ಳತೊಡಗಿದ. ಸಂಜೆಯಾದರೆ ತಾರಸಿ ಹತ್ತಿ ಕೂರತೊಡಗಿದೆ. ಕೆಲವು ಸಂಜೆಗಳು ಸುಮ್ಮನೆ ಹೋದವು. ಒಂದು ದಿನ ಫೋನು ಬಡಿದುಕೊಂಡಿತು. ಹಸಿರು ಗುಂಡಿ ಒತ್ತಿ ಕಿವಿಗಿಟ್ಟೆ. ನಾನು ಹಲೋ ಎನ್ನುವ ಮೊದಲೇ ಆ ಕಡೆಯಿಂದ ದನಿ ಬಂತು.

"ಅಪ್ಪಾಜಿ, ಇಷ್ಟು ದಿನ ಯಾಕ ಆಫ್ ಮಾಡಿದ್ರಿ?" ನಯನಾ ದನಿ ತಗ್ಗಿಸಿ ಕೇಳಿದಳು. "ಅವ್ವಗೆ ಗೊತ್ತಾತೇನ್ರಿ?"

ಮರಗಟ್ಟಿದ್ದ ಮೈಯೆಲ್ಲ ಒಮ್ಮೆಲೇ ನೋಯತೊಡಗಿತು.

"ನನಗೆ ಮೊದ್ಲಿಂದ್ಲೂ ಗೊತ್ತಿತ್ತವ್ವ," ಎಂದೆ. "ಗೊತ್ತಿಲ್ದಿರೋದು ನಿನಗೆ."