ಅಂಬುಜಮ್ಮ ನೋಡಿದ ಊಟ

ಹಬೆ ಕವಿದಾಗ ಆ ಹೋಟೆಲಿನ ಕಿಟಕಿಯಾಚೆ ಬೀದಿಯೇ ಕರಗಿಹೋದಂತೆ ಕಾಣುತ್ತಿತ್ತು. ನಡೆದು ಹೋಗುವವರು ತೇಲಿ ಹೋಗುತ್ತಿದ್ದರು. ನಾನು ತಟ್ಟೆ ಹಿಡಿದುಕೊಂಡೇ ಅದನ್ನು ನೋಡುತ್ತ ನಿಂತುಬಿಡುತ್ತಿದ್ದೆ. ಸಪ್ಲೈಯರ್ ಆದವನಿಗೆ ಇದಕ್ಕಿಂತ ದೊಡ್ಡ ರೋಗ ಬೇರೆ ಬೇಕೆ?

ಹೋಟೆಲಿನ ಒಡತಿ ಅಂಬುಜಮ್ಮನವರದು ಒಂದು ಪದ್ಧತಿಯಿತ್ತು. ಕೆಲಸ ಕೇಳಿ ಬಂದ ಹುಡುಗ ಹುಡುಗಿಯರನ್ನು ಮೊದಲು ಊಟಕ್ಕೆ ಕೂರಿಸಿ, ಎದುರು ನಿಂತು ನೋಡುತ್ತಿದ್ದರು. ಬೇಗ ಉಂಡವರು ಸಪ್ಲೈಗೆ, ನಿಧಾನಕ್ಕೆ ಉಂಡವರು ಒಲೆಯ ಬಳಿಗೆ. "ಅನ್ನ ಬೆಂದಿದ್ಯಾ ಅಂತ ತಿಳಿಯೋಕೆ ಒಂದಗುಳು ಸಾಕು" ಎನ್ನುತ್ತಿದ್ದರು. ನಾನು ಎಲೆಗೆ ಬಿದ್ದದ್ದನ್ನೆಲ್ಲ ಗಬಗಬನೆ ಮುಗಿಸಿ ಸಪ್ಲೈಯರ್ ಆದೆ.

ಅದು ನನ್ನ ಮೂರನೆಯ ಹೋಟೆಲು. "ನೀನು ಎಲ್ಲೂ ನಿಲ್ಲೋನಲ್ಲ" ಎಂದು ಸೋದರಮಾವ ಹೇಳಿಯೇ ಕಳಿಸಿದ್ದರು. ಅವರ ಮಾತು ನಿಜವಾಗಿಬಿಡುತ್ತದೆಂಬ ಭಯ ನನ್ನನ್ನು ಬಿಡದೆ ಕಾಡುತ್ತಿತ್ತು. ದೋಸೆ ಕೇಳಿದವರಿಗೆ ವಡೆ ಕೊಡುತ್ತಿದ್ದೆ. ಕಾಫಿ ನನ್ನ ಕೈಯಲ್ಲೇ ಆರುತ್ತಿತ್ತು. ಜೊತೆಗೆ ಬಡಿಸುತ್ತಿದ್ದ ಗಿರಿಜಾ, "ಏನ್ ಮಹಾರಾಯ, ಕಿಟಕೀಲಿ ಅತ್ತೆ ಮಗಳು ಕಾಣ್ತಾಳಾ?" ಎಂದು ಛೇಡಿಸುತ್ತಿದ್ದಳು. ಅವಳಿಗೆ ನಗು, ನನಗೆ ಅಳು.

ಕೊನೆಗೊಂದು ಮಧ್ಯಾಹ್ನ, ಗಿರಾಕಿಗಳೆಲ್ಲ ಹೋದ ಮೇಲೆ, ಕೆಲಸ ಬಿಡುತ್ತೇನೆಂದೆ. ಅಂಬುಜಮ್ಮ ತಡೆಯಲಿಲ್ಲ. "ಉಂಡು ಹೋಗು" ಎಂದು ತಾವೇ ಎಲೆ ಹಾಕಿ ಬಡಿಸಿದರು.

ಅವಸರವಿಲ್ಲದ ಊಟ ಅದು. ಗಾಜಿನ ಮೇಲಿನ ಹಬೆ ಹನಿಯಾಗಿ ಇಳಿಯುವುದನ್ನು ನೋಡುತ್ತ, ಸಾರನ್ನವನ್ನು ಕಲಸುತ್ತ, ನಾನು ಉಣ್ಣುತ್ತಲೇ ಇದ್ದೆ. ಗಿರಿಜಾ ಮೇಜುಗಳನ್ನೆಲ್ಲ ಒರೆಸಿ ಮುಗಿಸಿದಳು. ನನ್ನ ಎಲೆಯಲ್ಲಿ ಮಜ್ಜಿಗೆಯ ಸರದಿ ಇನ್ನೂ ಬಂದಿರಲಿಲ್ಲ.

ಅಂಬುಜಮ್ಮ ನನ್ನನ್ನೇ ದಿಟ್ಟಿಸುತ್ತಿದ್ದರು. "ಬಂದ ದಿನ ನೀನು ಹೀಗೆ ಉಣ್ಲಿಲ್ವಲ್ಲೋ."

"ಆವತ್ತು... ಹಿಂದಿನ ದಿನದಿಂದ ಏನೂ ತಿಂದಿರ್ಲಿಲ್ಲ, ಅಮ್ಮ."

ಅವರು ಸೌಟು ಕೆಳಗಿಟ್ಟು ಎದುರಿನ ಬೆಂಚಿನ ಮೇಲೆ ಕುಸಿದು ಕುಳಿತರು. "ಅಯ್ಯೋ ಮಗಾ, ನಾನು ನಿನ್ನ ಹಸಿವು ನೋಡ್ದೆ. ನಿನ್ನನ್ನ ನೋಡ್ಲೇ ಇಲ್ಲ. ಹಿಂಗೇ ಎಷ್ಟು ಮಕ್ಕಳನ್ನ ಕಳಕೊಂಡ್ನೋ!"

ಅಲ್ಲಿಯವರೆಗೆ ಹೋದಲ್ಲೆಲ್ಲ ತಪ್ಪು ನನ್ನದೇ ಆಗಿರುತ್ತಿತ್ತು.

ಮರುದಿನ ನನ್ನನ್ನು ಒಲೆಯ ಬಳಿ ನಿಲ್ಲಿಸಿದರು. ಹಾಲು ಉಕ್ಕದಂತೆ ನೋಡಿಕೊಳ್ಳುವುದು, ಡಿಕಾಕ್ಷನ್ ತೊಟ್ಟುತೊಟ್ಟಾಗಿ ಇಳಿಯಲು ಬಿಡುವುದು. ಅವಸರ ಮಾಡಿದರೆ ಕೆಡುವ ಕೆಲಸ. ಕೂದಲು ನರೆಯುವವರೆಗೂ ನಾನು ಅಲ್ಲೇ ನಿಂತೆ.

ಆಮೇಲೆ ಕೆಲಸ ಕೇಳಿ ಯಾರೇ ಬರಲಿ, ಅಂಬುಜಮ್ಮ ಎಲೆ ತುಂಬ ಬಡಿಸಿ, "ನಿಧಾನಕ್ಕೆ ಉಣ್ಣು, ಇನ್ನೂ ಇದೆ" ಎನ್ನುತ್ತಿದ್ದರು. ಆಮೇಲೆ, ಆ ಮೊದಲ ಊಟ ಮುಗಿಯುವ ತನಕ, ಅವರಿಗೆ ಬೆನ್ನು ತಿರುಗಿಸಿ ನಿಂತಿರುತ್ತಿದ್ದರು.