ಇಪ್ಪತ್ತಮೂರೇ ಚೀಟಿ

ಕಾಗದ ಕಂಡರೆ ಆಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಿರೇಹಳ್ಳಿಯ ತೆಂಗಿನ ಹಾಲಿನ ಫ್ಯಾಕ್ಟರಿಗೆ ಇಂಜಿನಿಯರ್ ಆಗಿ ಸೇರಿದ ಆರೇ ತಿಂಗಳಲ್ಲಿ ರಿಪೇರಿ ಕೆಲಸಗಳನ್ನೆಲ್ಲ ಮೊಬೈಲ್ ಆ್ಯಪ್‌ಗೆ ತಂದವಳು ನಾನು. ಕೆಲಸ ಮುಗಿಸಿದವನು ತನ್ನ ಫೋನಿನಲ್ಲಿ ಒಮ್ಮೆ ಒತ್ತಿದರೆ ಹಸಿರು, ಇಲ್ಲದಿದ್ದರೆ ಕೆಂಪು. ಇಷ್ಟು ಸಲೀಸಾದದ್ದು ಇರುವಾಗ ಪ್ರಿಂಟ್ ಕೇಳುವವರಿಗೆ ಏನು ಹೇಳುವುದು?

ಕೇಳುತ್ತಿದ್ದವರು ಫೋರ್ಮನ್ ಗಂಗಣ್ಣ ಒಬ್ಬರೇ. ಆಫೀಸಿನ ಪ್ರಿಂಟರ್ ಮುಟ್ಟಬೇಡಿ ಎಂದೆ. ಮಾರನೇ ದಿನದಿಂದ ಆ್ಯಪ್‌ನ ಪಟ್ಟಿಯನ್ನು ತಮ್ಮೂರು ಗುಬ್ಬಿಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಂಡೇ ಬಂದರು! ಸ್ಕೇಲ್ ಇಟ್ಟು ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿ ಹರಿಯುವುದು, ಕೆಲಸಕ್ಕೆ ಹೋಗುವವನ ಕೈಗೆ ಕೊಡುವುದು. ಅವನು ಬಂದು ಚೀಟಿ ವಾಪಸ್ ಕೊಟ್ಟ ಮೇಲೆ, ಅಂಗಡಿಯವರು ಬಿಲ್ಲು ಚುಚ್ಚಿಡುವಂಥ ತಂತಿಗೆ ಚುಚ್ಚುವುದು. ತಮ್ಮ ಪಾಲಿನ ಕೆಲಸವನ್ನು ಆ್ಯಪ್‌ನಲ್ಲೂ ತಪ್ಪದೆ ಒತ್ತುತ್ತಿದ್ದರಿಂದ ಬೈಯಲು ನೆಪ ಸಿಗುತ್ತಿರಲಿಲ್ಲ. ‘ಬಸ್ ಕಂಡಕ್ಟರ್’ ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದೆ.

ತಿಂಗಳಿಗೊಮ್ಮೆ ಫ್ಯಾಕ್ಟರಿ ನಿಲ್ಲಿಸುತ್ತೇವೆ. ಎರಡಾಳೆತ್ತರದ ಸ್ಟೀಲ್ ಟ್ಯಾಂಕುಗಳ ಒಳಗಿಳಿದು ರಿಪೇರಿ ಮಾಡಿ, ಕೊನೆಗೆ ಸುಡುವ ಸ್ಟೀಮ್ ಬಿಟ್ಟು ಶುದ್ಧ ಮಾಡುವುದು. ಆ ಭಾನುವಾರ ಇಪ್ಪತ್ತನಾಲ್ಕು ಕೆಲಸವಿತ್ತು. ಮಧ್ಯಾಹ್ನ ಹನ್ನೆರಡಕ್ಕೇ ಇಪ್ಪತ್ತನಾಲ್ಕೂ ಹಸಿರಾದವು. ನನಗೆ ಕೋಡು ಮೂಡಿತ್ತು.

"ಸ್ಟೀಮ್ ಬಿಡಿ," ಎಂದೆ.

ಗಂಗಣ್ಣ ತಂತಿಯ ಚೀಟಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

"ಇಪ್ಪತ್ತಮೂರೇ ಅವೆ ಮೇಡಂ."

"ಎಲ್ಲೋ ಬಿದ್ದೋಗಿರುತ್ತೆ. ಆ್ಯಪ್‌ನಲ್ಲಿ ಎಲ್ಲಾ ಕಂಪ್ಲೀಟ್ ಅಂತ ಇದೆ, ನೋಡ್ರೀ."

"ಇರ್ಲಿ ಬುಡಿ. ಚೀಟಿ ಬಂದಿಲ್ವಲ್ಲ."

"ಒಂದು ಚೂರು ಕಾಗದಕ್ಕೆ ಪ್ಲಾಂಟ್ ನಿಲ್ಲಿಸ್ತೀರಾ? ಪಕ್ಕಕ್ಕೆ ಸರೀರಿ, ನಾನೇ ಬಿಡ್ತೀನಿ."

ವಾಲ್ವಿನ ಚಕ್ರಕ್ಕೆ ಕೈ ಹಾಕಿದೆ. ಒಂದು ದಿನವೂ ದನಿ ಏರಿಸದ ಮನುಷ್ಯ ಅಡ್ಡ ಬಂದು, "ಕೈ ತೆಗೀರಿ!" ಎಂದು ಗದರಿದರು. "ಮೂರ್ನೇ ಟ್ಯಾಂಕಿನ ಚೀಟಿ ಬಂದಿಲ್ಲ. ಚನ್ನೇಶಂದು."

ಕಂಪ್ರೆಸರ್ ಸದ್ದಿನಲ್ಲಿ ಕೂಗಿದರೆ ಕೇಳುವಂತಿರಲಿಲ್ಲ. ಅವರ ಹಿಂದೆಯೇ ಏಣಿ ಹತ್ತಿದೆ. ಗಂಗಣ್ಣ ಟಾರ್ಚ್ ಬಿಟ್ಟರು. ತಳದಲ್ಲಿ ಅಮೃತೂರಿನ ಫಿಟ್ಟರ್ ಚನ್ನೇಶ್ ಚಕ್ಕಳಮಕ್ಕಳ ಹಾಕಿ ಕೂತು ನಟ್ಟು ಬಿಗಿಯುತ್ತಿದ್ದ. ಬೆಳಕು ಕಣ್ಣಿಗೆ ಬಿದ್ದು ಮುಖ ಸಿಂಡರಿಸಿಕೊಂಡ.

ಕೆಲಸ ಮುಗಿಸಿ ಅವನು ಮೇಲೆ ಬಂದಾಗ ಫೋನ್ ಅವನ ಮುಂದೆ ಹಿಡಿದೆ. "ಮುಗೀತು ಅಂತ ಒತ್ತಿದ್ಯಲ್ಲೋ..."

"ಒಳಗೆ ನೆಟ್‌ವರ್ಕ್ ಸಿಗಲ್ಲ ಮೇಡಂ. ಲೇಟಾದ್ರೆ ನೀವು ಬಯ್ತೀರಾ. ಅದ್ಕೇ ಎಲ್ರೂ ಒತ್ಬುಟ್ಟೇ ಇಳಿಯೋದು."

ಹೇಳುತ್ತಲೇ ಜೇಬಿನಿಂದ ಬೆವರಿಗೆ ಒದ್ದೆಯಾದ ಚೀಟಿ ತೆಗೆದು ಗಂಗಣ್ಣನಿಗೆ ಕೊಟ್ಟ. ಅವರು ತಂತಿಗೆ ಚುಚ್ಚಿ, ಚಕ್ರ ತಿರುಗಿಸಿದರು. ಸ್ಟೀಮ್ ಭುಸ್ಸೆಂದು ಹೊರಟಿತು. ಕೈಯಲ್ಲಿದ್ದ ಫೋನಿನಲ್ಲಿ ಚನ್ನೇಶನ ಹೆಸರಿನ ಕೆಳಗೆ, ಬೇಗ ಮುಗಿಸಿದ್ದಕ್ಕೆ ನಾನೇ ಕಳಿಸಿದ್ದ ‘ಶಭಾಷ್’ ಇತ್ತು.

ಸಂಜೆ ಗಂಗಣ್ಣ ಅಂದಿನ ಚೀಟಿಗಳಿಗೆ ದಾರ ಕಟ್ಟಿ ತಮ್ಮ ಲಾಕರ್ ತೆಗೆದರು. ನೋಡಿ ದಂಗಾದೆ. ತಳದಿಂದ ಮೇಲಿನವರೆಗೂ ಕಂತೆಗಳು, ಹನ್ನೊಂದು ವರ್ಷದವು. ಕೆಳಗಿನವು ಕೈಬರಹದವು, ಮೇಲಿನವು ನನ್ನ ಆ್ಯಪ್‌ನವು. ಎಣ್ಣೆ, ಬೆವರು, ಹೆಬ್ಬೆರಳ ಗುರುತು. ಮುಟ್ಟಲು ಕೈ ಚಾಚಿದವಳು ಹಿಂದಕ್ಕೆ ತೆಗೆದುಕೊಂಡೆ.

"ಇಷ್ಟನ್ನೂ ಯಾಕೆ ಇಟ್ಟಿದೀರಾ ಗಂಗಣ್ಣೋರೇ?"

"ಬಿಸಾಕಕ್ಕೆ ಮನ್ಸೇ ಬರಲ್ಲ ಮೇಡಂ," ಎಂದರು. "ಎಲ್ಲಾ ಹೊರಗ್ ಬಂದವ್ರು ಕೊಟ್ಟಿದ್ದು."